ಶಿಪ್ಪಿ ಎಡ್ವರ್ಡ್

ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ 'ಶಿಪ್ಪಿ' ಎಂಬ ಒಂದು ಪದವಿದೆ. ಹಡಗಿನಲ್ಲಿ ಕೆಲಸ ಮಾಡುವವನು ಎಂದಷ್ಟೇ ಅದರ ಅರ್ಥ. ಹಡಗು ನಡೆಸುವ ಕ್ಯಾಪ್ಟನ್ನೂ ಶಿಪ್ಪಿ, ಅದರ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವವನೂ ಶಿಪ್ಪಿ. ರಜೆಗೆ ಊರಿಗೆ ಬಂದಾಗ ಇಬ್ಬರ ಪೆಟ್ಟಿಗೆಯಲ್ಲೂ ಅದೇ ಚಾಕೊಲೇಟು, ಇಬ್ಬರ ಅಂಗಿಗೂ ಅದೇ ಸೆಂಟು. ಇಗರ್ಜಿಯ ಅಂಗಳದಲ್ಲಿ ಎಷ್ಟು ತಿಂಗಳ ರಜೆ ಎಂದು ಎಲ್ಲರೂ ಕೇಳುತ್ತಾರೆ, ಹಡಗಿನಲ್ಲಿ ನಿನ್ನದು ಎಂತ ಕೆಲಸ ಎಂದು ಒಬ್ಬರೂ ಕೇಳುವುದಿಲ್ಲ. ಬಹಳ ಉದಾರವಾದ ಪದ. ಎಡ್ವರ್ಡ್ ಪಿಂಟೋ ಈ ಪದದ ಒಳಗೆ ನಲವತ್ತು ವರ್ಷ ಬೆಚ್ಚಗೆ ಇದ್ದುಬಿಟ್ಟ.

ಇಪ್ಪತ್ತೆರಡು ವರ್ಷ ಅವನು ದುಡಿದದ್ದು ಪ್ರವಾಸಿ ಹಡಗುಗಳ ಲಾಂಡ್ರಿಯಲ್ಲಿ. ಲಾಂಡ್ರಿ ಇರುವುದು ಹಡಗಿನ ತಳದಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ. ಅಲ್ಲಿ ಕಿಟಕಿ ಇಲ್ಲ. ಎರಡು ಸಾವಿರ ಮಂದಿ ಹೊದ್ದು ಬಿಟ್ಟ ಶೀಟು, ಒರೆಸಿ ಎಸೆದ ಟವೆಲು ಮೇಲಿನಿಂದ ಕೊಳವೆಯಲ್ಲಿ ಬಂದು ಬೀಳುತ್ತಿತ್ತು. ಅದನ್ನು ಒಗೆದು, ಒಣಗಿಸಿ, ಮೂಲೆಗೆ ಮೂಲೆ ಕೂಡಿಸಿ ಮಡಚಿ ವಾಪಸು ಕಳಿಸುವುದು ಅವನ ಕೆಲಸ. ಸಮುದ್ರವನ್ನು ಅವನು ಕಣ್ಣಾರೆ ಕಂಡದ್ದು ಹಡಗು ಹತ್ತುವ ದಿನ ಮತ್ತು ಇಳಿಯುವ ದಿನ. ಉಳಿದಂತೆ ಅದು ಗೋಡೆಯ ಆಚೆ ಕೇಳುವ ಒಂದು ಸದ್ದು.

ಸುಳ್ಳು ಹೇಳಬೇಕೆಂದು ಅವನೇನೂ ಪಂಚಾಂಗ ನೋಡಿ ಕೂತವನಲ್ಲ. ಮಗ ಸ್ಯಾವಿಯೋಗೆ ಏಳು ವರ್ಷವಿದ್ದಾಗ, ಬಿರುಗಾಳಿ ಬಂದರೆ ಹಡಗು ಏನು ಮಾಡುತ್ತದೆ ಎಂದು ಕೇಳಿದ. ಜಗಲಿಯಲ್ಲಿ ಪಕ್ಕದ ಮನೆಯ ನಾಲ್ಕು ಮಕ್ಕಳೂ ಇದ್ದವು. ಎಡ್ವರ್ಡ್ ಒಂದು ಕಥೆ ಕಟ್ಟಿದ. ಯುರೋಪಿನ ಒಂದು ಕೊಲ್ಲಿಯಲ್ಲಿ ಬಿರುಗಾಳಿ, ಕ್ಯಾಪ್ಟನ್ ಹೊಟ್ಟೆನೋವಿನಿಂದ ಮಲಗಿದ್ದಾನೆ, ಎಡ್ವರ್ಡ್ ಆರು ಗಂಟೆ ಚುಕ್ಕಾಣಿ ಬಿಡದೆ ನಿಂತಿದ್ದಾನೆ. ಬಿರುಗಾಳಿ ನಿಜವೇ. ಆ ಹೊತ್ತು ಅವನು ನಿಜವಾಗಿ ಇದ್ದದ್ದು ಒದ್ದೆ ಟವೆಲುಗಳ ರಾಶಿಯ ಮೇಲೆ, ಉರುಳಾಡುವ ಸೋಪಿನ ಡ್ರಮ್ಮುಗಳ ನಡುವೆ, ವಾಂತಿ ಮಾಡುತ್ತ. ಮಗ ಮಾತ್ರ ಕಣ್ಣು ಮಿಟುಕಿಸದೆ 'ಆಮೇಲೆ?' ಎಂದ. ಆ 'ಆಮೇಲೆ'ಯ ರುಚಿ ಹತ್ತಿದ ಮೇಲೆ ಬಿಡುವುದು ಕಷ್ಟ. ಪ್ರತಿ ರಜೆಗೂ ಕಥೆಗೆ ಒಂದೊಂದು ಅಲೆ ಹೆಚ್ಚಾಯಿತು.

ನಿಜ ಗೊತ್ತಿದ್ದವಳು ಹೆಂಡತಿ ಇನೇಜ್ ಒಬ್ಬಳೇ. ಮದುವೆಯಾದ ವರ್ಷವೇ ಅವನ ಸರ್ವಿಸ್ ಪುಸ್ತಕದಲ್ಲಿ ಓದಿ, ಮುಚ್ಚಿ ಕಪಾಟಿನಲ್ಲಿಟ್ಟಿದ್ದಳು. ಹುಡುಗ ದೊಡ್ಡವನಾಗುವ ಮುಂಚೆ ನೀವೇ ಹೇಳಿಬಿಡಿ ಎಂದು ಅವಳು ಎಷ್ಟೋ ಸಲ ಹೇಳಿದಳು. ಎಡ್ವರ್ಡ್ ಪ್ರತಿ ಸಲವೂ ಹೂಂ ಎಂದ. ಹುಡುಗ ದೊಡ್ಡವನಾದ, ಓದಲು ಸಿಡ್ನಿಗೆ ಹೋದ, ಅಲ್ಲೇ ನೆಲೆಸಲು ಪಿಆರ್ ಪಡೆದು ನಾರ್ವೆಸ್ಟ್ ಬಡಾವಣೆಯ ಆಫೀಸೊಂದರಲ್ಲಿ ಕೆಲಸ ಹಿಡಿದ, ಮದುವೆಯಾದ, ಅಪ್ಪ ಅಮ್ಮನನ್ನು ಕರೆಸಿಕೊಂಡ. ಆ ಹೂಂ ಅಲ್ಲೇ ಇತ್ತು.

ಐವತ್ತೈದರ ಎಡ್ವರ್ಡ್ ಸಿಡ್ನಿಯಲ್ಲಿ ಹುಡುಕಿಕೊಂಡದ್ದು ಮಾರ್ಸ್ಡನ್ ಪಾರ್ಕ್ ಎಂಬ ಬಡಾವಣೆಯ ಹತ್ತಿರ ಆಸ್ಪತ್ರೆಗಳ ಬಟ್ಟೆ ಒಗೆಯುವ ಒಂದು ಫ್ಯಾಕ್ಟರಿಯ ಕೆಲಸ. ತನಗೆ ಗೊತ್ತಿದ್ದ ಒಂದೇ ವಿದ್ಯೆಗೆ ಅವನು ವಾಪಸು ಹೋಗಿದ್ದ, ಅಷ್ಟೆ. ಸಿಡ್ನಿಯಲ್ಲಿದ್ದ ಊರವರು ಅದನ್ನು ಬೇರೆಯಾಗಿ ಓದಿಕೊಂಡರು. ಅಲ್ಲಿಯ ಇಂಜಿನಿಯರು ಇಲ್ಲಿ ಟ್ಯಾಕ್ಸಿ ಓಡಿಸುವುದನ್ನು, ಅಲ್ಲಿಯ ಡಾಕ್ಟರು ಇಲ್ಲಿ ಪರೀಕ್ಷೆಯ ಮೇಲೆ ಪರೀಕ್ಷೆ ಬರೆಯುವುದನ್ನು ಕಂಡವರು ಅವರು. ನಮ್ಮ ಕಾಗದಕ್ಕೆ ಈ ದೇಶದಲ್ಲಿ ಬೆಲೆಯಿಲ್ಲ, ಪಾಪ, ಹಡಗು ನಡೆಸಿದ ಕೈ ಈಗ ಶೀಟು ಒಗೆಯುತ್ತದೆ ಎಂದು ಭಾನುವಾರದ ಪೂಜೆ ಮುಗಿದ ಮೇಲೆ ಮರುಗಿದರು. ಎಡ್ವರ್ಡ್ ತಲೆ ತಗ್ಗಿಸಿದ. ಜನ ಅದನ್ನೂ ವಿನಯವೆಂದೇ ತಿಳಿದರು.

ಸೊಸೆ ಶ್ರೀವಿದ್ಯಾ ದಾವಣಗೆರೆಯವಳು. ಅವಳಿಗೆ ಕೊಂಕಣಿ ಬಾರದ್ದರಿಂದ ಮನೆಯ ಮಾತು ಕನ್ನಡವಾಗಿತ್ತು. ಮಂಗಳೂರಿನ ಆ ಉದಾರ ಪದದ ಪರಿಚಯವೂ ಅವಳಿಗಿರಲಿಲ್ಲ. ಇಡೀ ನಲವತ್ತು ವರ್ಷದಲ್ಲಿ ಎಡ್ವರ್ಡನನ್ನು ನೇರವಾಗಿ ಕೇಳಿದವಳು ಅವಳೊಬ್ಬಳೇ. ಮದುವೆಯಾದ ಹೊಸತರಲ್ಲಿ ಊಟಕ್ಕೆ ಕೂತಾಗ, "ಶಿಪ್ಪಿ ಅಂದ್ರೆ ಕ್ಯಾಪ್ಟನ್ ತರ ಆಫೀಸರ್ ಏನ್ರಿ ಮಾವ?" ಎಂದಳು. ಇನೇಜ್ ತಟ್ಟೆಯಿಂದ ತಲೆಯೆತ್ತಿ ಗಂಡನನ್ನು ನೋಡಿದಳು. ಎಡ್ವರ್ಡ್ ನಕ್ಕು, "ಹಾಗೇ ಅಂತ ಇಟ್ಟುಕೊ" ಎಂದ. ಶ್ರೀವಿದ್ಯಾ ಹಾಗೇ ಇಟ್ಟುಕೊಂಡಳು.

ಸ್ಯಾವಿಯೋ ಕೈಗೆಟಕುವ ಮನೆ ಹುಡುಕಿಕೊಂಡು ಮೆಲ್ಬರ್ನಿನ ಟ್ರುಗನಿನಾಗೆ ಹೋದ. ಮುದುಕರಿಬ್ಬರೂ ಮಾರ್ಸ್ಡನ್ ಪಾರ್ಕಿನಲ್ಲೇ ಉಳಿದರು. ಎರಡು ವರ್ಷದಲ್ಲಿ ಕೊರೊನಾ ಬಂತು, ರಾಜ್ಯಗಳ ಗಡಿ ಮುಚ್ಚಿತು, ಆ ನಡುವೆಯೇ ಇನೇಜ್ ತೀರಿಕೊಂಡಳು. ಅಮ್ಮನ ಪೆಟ್ಟಿಗೆ ಮಣ್ಣಿಗಿಳಿಯುವುದನ್ನು ಮಗ ಫೋನಿನಲ್ಲಿ ನೋಡಿದ. ಅದು ಅವನನ್ನು ತಿನ್ನುತ್ತಿತ್ತು. ಅಪ್ಪನಿಗಾದರೂ ಏನಾದರೂ ಮಾಡಬೇಕು ಎಂದು ಮೂರು ವರ್ಷ ಯೋಚಿಸಿದವನು, ಸೆಪ್ಟೆಂಬರಿನ ಶಾಲೆಯ ರಜೆಗೆ ಕ್ವೀನ್ಸ್‌ಲ್ಯಾಂಡಿನ ವಿಟ್‌ಸಂಡೇ ದ್ವೀಪಗಳ ನಡುವೆ ಏಳು ದಿನ ತಿರುಗಲು ಒಂದು ಹಾಯಿದೋಣಿ ಬುಕ್ ಮಾಡಿದ. ಬೇರೆ ಕ್ಯಾಪ್ಟನ್ ಬೇಡ, ಮನೆಯಲ್ಲೇ ಒಬ್ಬರಿದ್ದಾರಲ್ಲ ಎಂದ. ಅಲ್ಲಿ ಇಂಥ ದೋಣಿಗೆ ಲೈಸೆನ್ಸ್ ಕೇಳುವುದಿಲ್ಲ. ಅನುಭವ ಏನಿದೆ ಎಂದು ಬರೆದುಕೊಟ್ಟು, ಅರ್ಧ ದಿನದ ಪಾಠ ಕೇಳಿದರೆ ಸಾಕು. ಫಾರಂ ತುಂಬಿದವಳು ಶ್ರೀವಿದ್ಯಾ. ಹಡಗಿನ ಅಧಿಕಾರಿ, ಇಪ್ಪತ್ತೆರಡು ವರ್ಷ ಎಂದು ಮಾವನ ಹೆಸರಿನ ಮುಂದೆ ಬರೆದಳು.

ಎಡ್ವರ್ಡ್ ಮೊದಲು ಬೆನ್ನುನೋವು ಎಂದ. ಆಮೇಲೆ ಫ್ಯಾಕ್ಟರಿಯಲ್ಲಿ ರಜೆ ಸಿಗದು ಎಂದ. ಹತ್ತು ವರ್ಷದ ಮೊಮ್ಮಗಳು ಆದ್ಯಾ ಫೋನಿನಲ್ಲಿ, "ಗ್ರ್ಯಾಂಡ್‌ಪಾ, ಐ ಟೋಲ್ಡ್ ಎವ್ರಿವನ್" ಎಂದಳು. ಅಲ್ಲಿಗೆ ಅವನ ಬೆನ್ನುನೋವು ವಾಸಿಯಾಯಿತು.

ಬಂದರಿನಲ್ಲಿ ಪಾಠ ಹೇಳಿಕೊಟ್ಟವನು ಬಿಸಿಲಿಗೆ ಕೆಂಪಾದ ಮುಖದ, ತಾಳ್ಮೆಯ ಮನುಷ್ಯ. ಎಂಜಿನ್, ಲಂಗರು, ರೇಡಿಯೋ ಎಲ್ಲ ತೋರಿಸಿದ. ಹಾಯಿಯ ತಳಕ್ಕೆ ಅಡ್ಡವಾಗಿ ಕಟ್ಟಿದ ಉದ್ದನೆಯ ಅಲ್ಯೂಮಿನಿಯಂ ಕಂಬದ ಮೇಲೆ ಕೈಯಿಟ್ಟು, ಇದಕ್ಕೆ ಬೂಮ್ ಎನ್ನುತ್ತಾರೆ, ಗಾಳಿ ಬೆನ್ನ ಹಿಂದಿನಿಂದ ಬರುವಾಗ ಇದನ್ನು ಹಗ್ಗದಿಂದ ಬಿಗಿದು ಕಟ್ಟಿ, ಇಲ್ಲವಾದರೆ ಚುಕ್ಕಾಣಿ ಸ್ವಲ್ಪ ತಪ್ಪಿದರೂ ಇದು ಒಂದೇ ಏಟಿಗೆ ಆ ಕಡೆಯಿಂದ ಈ ಕಡೆಗೆ ಬೀಸುತ್ತದೆ ಎಂದ. ಯಾವ ಹಗ್ಗ, ಎಲ್ಲಿಗೆ ಕಟ್ಟುವುದು ಎಂಬುದು ಎಡ್ವರ್ಡನ ತಲೆಗೆ ಹೋಗಲಿಲ್ಲ. ಆ ಮನುಷ್ಯ ಕೊನೆಗೆ ಅವನೊಬ್ಬನ ಕಡೆ ತಿರುಗಿ, ಇವೆಲ್ಲ ನಿಮಗೆ ಗೊತ್ತಿರುವುದೇ, ಏನಾದರೂ ಕೇಳುವುದಿದೆಯೇ ಎಂದ. ಕೇಳುವುದು ಬೆಟ್ಟದಷ್ಟಿತ್ತು. ಮಗ, ಸೊಸೆ, ಮೊಮ್ಮಗಳು ಮೂವರೂ ಅವನ ಮುಖವನ್ನೇ ನೋಡುತ್ತಿದ್ದರು. ಎಡ್ವರ್ಡ್ ಇಲ್ಲವೆಂದು ತಲೆಯಾಡಿಸಿದ.

ಮೊದಲ ಮೂರು ದಿನ ಸುಖವಾಗಿಯೇ ಹೋದವು. ಹೇಳದೆ ಹೋದರೆ ಅನ್ಯಾಯವಾದೀತು, ಎಡ್ವರ್ಡನ ಬಾಳಿನಲ್ಲಿ ಅಂಥ ಮೂರು ದಿನ ಬೇರೆ ಇರಲಿಲ್ಲ. ಬಹುಪಾಲು ಎಂಜಿನ್ನಿನಲ್ಲೇ ಹೋದರು. ಗಾಳಿ ಸರಿಯಿಲ್ಲ ಎಂದು ಅವನು ಗಂಭೀರವಾಗಿ ಹೇಳಿದರೆ ಯಾರೂ ಎದುರಾಡಲಿಲ್ಲ. ಸಂಜೆ ನಾಲ್ಕರೊಳಗೆ ಒಂದು ಕೊಲ್ಲಿಯಲ್ಲಿ ಲಂಗರು ಹಾಕುವುದು, ಬೆಚ್ಚಗಿನ ನೀರಿಗೆ ಇಳಿಯುವುದು. ಆಮೆಯೊಂದು ದೋಣಿಯ ಪಕ್ಕ ಬಂದು ತಲೆಯೆತ್ತಿ ಉಸಿರು ಬಿಟ್ಟು ಹೋಯಿತು. ಆದ್ಯಾ ಅದಕ್ಕೊಂದು ಹೆಸರಿಟ್ಟಳು. ಶ್ರೀವಿದ್ಯಾ ಮಂಡಕ್ಕಿ ಒಗ್ಗರಣೆ ಹಾಕಿ ಕೊಟ್ಟಳು. ಎಡ್ವರ್ಡ್ ಮೇಲೆ ಕೂತು ನೀರನ್ನು ನೋಡಿದ, ಹಸಿರು ದ್ವೀಪಗಳನ್ನು, ಸಕ್ಕರೆಯಂಥ ಬಿಳಿ ಮರಳನ್ನು ನೋಡಿದ. ಇಪ್ಪತ್ತೆರಡು ವರ್ಷ ತನ್ನ ತಲೆಯ ಮೇಲೆಯೇ ಇಂಥದೊಂದು ಹರಡಿತ್ತಲ್ಲ ಎಂದು ಅವನಿಗೆ ಅಳು ಬಂತು. ಮಗ ಅದನ್ನು ಕಂಡು, ಅಪ್ಪನಿಗೆ ಹಳೆಯದೆಲ್ಲ ನೆನಪಾಯಿತು ಎಂದು ಹೆಂಡತಿಗೆ ಮೆಲ್ಲಗೆ ಹೇಳಿದ.

ಮೂರನೆಯ ದಿನ ಸಂಜೆ ತಂದೆ ಮಗ ಇಬ್ಬರೇ ಹಿಂದುಗಡೆ ಕೂತು ಸಿಗಡಿ ಸುಲಿಯುತ್ತಿದ್ದರು. ಎಡ್ವರ್ಡ್ ಹೇಳಿಬಿಡಲೆಂದೇ ಬಾಯಿ ತೆರೆದ. "ಸ್ಯಾವಿಯೋ, ನಾನು ಹಡಗಿನಲ್ಲಿ ಇದ್ದದ್ದು ಉಂಟಲ್ಲ..." ಎಂದ.

"ಗೊತ್ತು ಡ್ಯಾಡ್," ಎಂದ ಮಗ. "ಇಲ್ಲಿ ನೀವು ಶೀಟ್ ಒಗೀತಿರೋದು ನೋಡಿದಾಗಲೆಲ್ಲ ನಂಗೆ ಹೊಟ್ಟೆ ಉರೀತಿತ್ತು. ನಾನು ಕರ್ಕೊಂಡು ಬಂದಿದ್ದಕ್ಕೇ ಅಲ್ವಾ ಹೀಗಾಗಿದ್ದು. ಈ ಮೂರು ದಿನ ನಿಮ್ಮನ್ನ ವ್ಹೀಲ್ ಮುಂದೆ ನೋಡಿ ಸಮಾಧಾನ ಆಯ್ತು."

ಎಡ್ವರ್ಡ್ ಇನ್ನೊಂದು ಸಿಗಡಿ ಎತ್ತಿಕೊಂಡ.

ನಾಲ್ಕನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಗಾಳಿ ಹದವಾಗಿ ಬೆನ್ನ ಹಿಂದಿನಿಂದ ಬೀಸುತ್ತಿತ್ತು. ಈವತ್ತು ಹಾಯಿ ಬಿಚ್ಚಲೇಬೇಕು ಎಂದು ಆದ್ಯಾ ಹಟ ಹಿಡಿದಳು. ಸ್ಯಾವಿಯೋ ಬರುವ ಮುಂಚೆ ಎರಡು ದಿನದ ಕೋರ್ಸೊಂದರಲ್ಲಿ ಕಲಿತಷ್ಟು ಹಗ್ಗ ಎಳೆದು ಹಾಯಿ ಏರಿಸಿದ. ದೋಣಿ ಓಡತೊಡಗಿತು. ಬೂಮನ್ನು ಕಟ್ಟಬೇಕಲ್ಲವೇ ಎಂದು ಮಗ ಒಮ್ಮೆ ಕೇಳಿದ. ಎಡ್ವರ್ಡನಿಗೆ ಆ ಹಗ್ಗ ಯಾವುದೆಂದು ಗೊತ್ತಿರಲಿಲ್ಲ. ಇಷ್ಟು ಗಾಳಿಗೆಲ್ಲ ಬೇಡ ಎಂದುಬಿಟ್ಟ. ಅವನು ಅಷ್ಟು ಸಲೀಸಾಗಿ ಹೇಳಿದ್ದರಿಂದ ಮಗ ಮತ್ತೆ ಕೇಳಲಿಲ್ಲ.

ಅಪ್ಪ ಚುಕ್ಕಾಣಿ ಹಿಡಿದು ನಿಂತ ಚೆಂದಕ್ಕೆ ಸ್ಯಾವಿಯೋ ಫೋನು ತೆಗೆದ. ಎದುರಿನಿಂದ ಸರಿಯಾಗಿ ಬರಲೆಂದು ಕ್ಯಾಬಿನ್ನಿನ ಮಾಡಿನ ಮೇಲೆ ಹತ್ತಿ ನಿಂತು, ಡ್ಯಾಡ್, ಆ ಬಿರುಗಾಳಿ ಕಥೆ ಹೇಳಿ, ಆದ್ಯಾಗೆ ಇಟ್ಟುಕೊಳ್ಳೋಣ ಎಂದ. ಎಡ್ವರ್ಡ್ ಟೋಪಿ ಸರಿಮಾಡಿಕೊಂಡ. ಮಗನ ಮುಖ ನೋಡಿ ಮೊದಲಿನಂತೆಯೇ ಶುರು ಮಾಡಿದ. ಕ್ಯಾಪ್ಟನ್ ಮಲಗಿದ್ದಾನೆ, ಮೇಲೆ ನಾನೊಬ್ಬನೇ, ಆಗ ಒಂದು ಅಲೆ ಬಂತು ನೋಡು ಎಂದು ಅಲೆಯ ಎತ್ತರ ತೋರಿಸಲು ಒಂದು ಕೈ ಮೇಲೆತ್ತಿದ. ಇನ್ನೊಂದು ಕೈಯಲ್ಲಿದ್ದ ಚುಕ್ಕಾಣಿ ಅಷ್ಟೇ ಅಷ್ಟು ತಿರುಗಿತು. ಗಾಳಿ ಹಾಯಿಯ ಇನ್ನೊಂದು ಮಗ್ಗುಲಿಗೆ ನುಗ್ಗಿತು. ಬೂಮ್ ಬೀಸಿ ಬಂದು ಸ್ಯಾವಿಯೋನ ತಲೆಯ ಪಕ್ಕಕ್ಕೆ ಬಡಿಯಿತು. ಅವನು ನೀರಿಗೆ ಬೀಳಲಿಲ್ಲ, ಮಾಡಿನ ಮೇಲೆಯೇ ಕುಸಿದ. ಫೋನು ಮಾತ್ರ ಜಾರಿ ಎಡ್ವರ್ಡನ ಕಾಲ ಬಳಿ ಬಂದು ಬಿತ್ತು.

ರೇಡಿಯೋದಲ್ಲಿ ಸಹಾಯ ಕೇಳಿದವಳು ಶ್ರೀವಿದ್ಯಾ. ಗೋಡೆಗೆ ಅಂಟಿಸಿದ್ದ ಕಾಗದ ಓದಿಕೊಂಡು, ಒಂದೊಂದೇ ಪದ ಬಿಡಿಸಿ ಹೇಳಿದಳು. ಹಾಯಿ ಇಳಿಸ್ರಿ ಮಾವ ಎಂದು ಅವಳು ಎರಡು ಸಲ ಕೂಗಿದಳು. ಎಡ್ವರ್ಡ್ ಕೈಗೆ ಸಿಕ್ಕ ಹಗ್ಗ ಹಿಡಿದು ನಿಂತಿದ್ದ. ಕೊನೆಗೆ ಹಗ್ಗ ಬಿಟ್ಟು, ಟವೆಲೊಂದನ್ನು ನಾಲ್ಕು ಮಡಿಕೆ ಮಾಡಿ ಮಗನ ತಲೆಗೆ ಒತ್ತಿ ಹಿಡಿದ. ಆ ದಿನ ಅವನು ಸರಿಯಾಗಿ ಮಾಡಿದ ಕೆಲಸ ಅದೊಂದೇ. ಹೆಲಿಕಾಪ್ಟರ್ ಬರುವವರೆಗೆ, ನಲವತ್ತು ನಿಮಿಷ, ದೋಣಿ ಆ ಸುಂದರ ದ್ವೀಪಗಳ ನಡುವೆ ತನ್ನಿಷ್ಟದ ಕಡೆ ತೇಲುತ್ತಿತ್ತು. ಅವನು ಹಾಯಿ ಇಳಿಸದೆ ನಿಂತದ್ದನ್ನು ಸೊಸೆ ಆಗಲೂ ಮುದುಕನ ಗಾಬರಿ ಎಂದೇ ತಿಳಿದಳು.

ಸ್ಯಾವಿಯೋನ ಜೀವ ಉಳಿಯಿತು. ಆಪರೇಷನ್ನಿನ ಮೂರನೆಯ ದಿನ ಸರಕಾರದ ಕಡೆಯಿಂದ ಒಬ್ಬ ಹೆಂಗಸು ವಿಚಾರಣೆಗೆ ಆಸ್ಪತ್ರೆಗೆ ಬಂದಳು. ಕಾರಿಡಾರಿನ ಕುರ್ಚಿಗಳಲ್ಲಿ ಎಡ್ವರ್ಡ್ ಮತ್ತು ಶ್ರೀವಿದ್ಯಾ ಪಕ್ಕಪಕ್ಕದಲ್ಲಿ, ಆದ್ಯಾ ಕೊನೆಯಲ್ಲಿ ಕೂತರು. ದೋಣಿ ನಡೆಸುತ್ತಿದ್ದವರ ಅನುಭವ ಏನು ಎಂದು ಆಕೆ ಕೇಳಿದಳು. ಮಾವನ ಪರವಾಗಿ ಶ್ರೀವಿದ್ಯಾಳೇ ಮಾತಾಡಿದಳು. ಅವರು ದೊಡ್ಡ ಹಡಗುಗಳ ಅಧಿಕಾರಿಯಾಗಿದ್ದವರು, ಅವರಿಂದ ತಪ್ಪಾಗಿರಲು ಸಾಧ್ಯವೇ ಇಲ್ಲ, ದೋಣಿಯಲ್ಲೇ ಏನೋ ದೋಷವಿರಬೇಕು ಎಂದಳು. ಅವಳ ದನಿಯಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಎಡ್ವರ್ಡ್ ಸುಮ್ಮನೆ ಕೂತಿದ್ದರೆ ಪಾರಾಗುತ್ತಿದ್ದ. ತಾಳ್ಮೆಯಿಂದ ಪಾಠ ಹೇಳಿದ ಆ ಕೆಂಪು ಮುಖದವನ ತಲೆಗೆ ಎಲ್ಲ ಸುತ್ತಿಕೊಳ್ಳುತ್ತಿತ್ತು.

"ನಾನು ಲಾಂಡ್ರಿಯಲ್ಲಿ ಇದ್ದದ್ದು," ಎಂದ ಎಡ್ವರ್ಡ್, ಮೊದಲು ಕನ್ನಡದಲ್ಲಿ ಸೊಸೆಗೆ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಆ ಹೆಂಗಸಿಗೆ ಹೇಳಿದ. ಆಕೆ ಬರೆದುಕೊಂಡಳು.

ಶ್ರೀವಿದ್ಯಾ ಅವನ ಕಡೆ ತಿರುಗಿದಳು. ಬೈಯುತ್ತಾಳೆ, ಹೊಡೆದರೂ ಹೊಡೆಯಲಿ ಎಂದು ಅವನು ಕಾದ. ಅವಳು ಹೇಳಿದ್ದು ಇಷ್ಟೇ: "ಫಾರಂ ತುಂಬಿದ್ದು ನಾನು, ಮಾವ."

ಎಡ್ವರ್ಡನ ಮೇಲೆ ಕೇಸು ಆಗಲಿಲ್ಲ, ಎಚ್ಚರಿಕೆಯ ಒಂದು ಕಾಗದ ಬಂತು. ಅವನಿಗೆ ಅದರಿಂದ ನಿರಾಸೆಯೇ ಆಯಿತು. ಫ್ಯಾಕ್ಟರಿ ಬಿಟ್ಟು, ಮಾರ್ಸ್ಡನ್ ಪಾರ್ಕಿನ ಬಾಡಿಗೆ ಕೋಣೆ ಖಾಲಿ ಮಾಡಿ, ಟ್ರುಗನಿನಾಗೆ ಬಂದ. ಶ್ರೀವಿದ್ಯಾ ಬನ್ನಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಮಾರ್ಟ್‌ಗೇಜ್ ಇತ್ತು, ಅವಳು ಕೆಲಸಕ್ಕೆ ಹೋಗಲೇಬೇಕಿತ್ತು, ಮನೆಯಲ್ಲಿ ಹಗಲು ಹೊತ್ತು ಒಬ್ಬರು ಬೇಕಿತ್ತು. ಸ್ಯಾವಿಯೋನ ಎಡಗೈ ಏಳುತ್ತಿರಲಿಲ್ಲ. ರಾತ್ರಿ ಅವನಿಗೆ ಗೊತ್ತಾಗದೆ ಹಾಸಿಗೆ ಒದ್ದೆಯಾಗುತ್ತಿತ್ತು. ಬಹಳ ಹಳೆಯದೆಲ್ಲ ನೆನಪಿತ್ತು, ಈಚಿನ ವರ್ಷಗಳದು ಮಸುಕಾಗಿತ್ತು, ಹೊಸದು ಯಾವುದೂ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಹೇಳಿದ್ದು ಸಂಜೆಗೆ ಇಲ್ಲ. ಮಮ್ಮಿ ಯಾಕೆ ಬಂದಿಲ್ಲ ಎಂದು ಕೂಡ ಒಮ್ಮೊಮ್ಮೆ ಕೇಳುತ್ತಿದ್ದ.

ಎಡ್ವರ್ಡ್ ದಿನವೂ ಎದ್ದು ಮಗನ ಶೀಟು ತೆಗೆದು ಒಗೆದು ಹಿತ್ತಿಲ ತಂತಿಯಲ್ಲಿ ಒಣಹಾಕುತ್ತಿದ್ದ. ಬೇಲಿಯಾಚೆ ಗೋದಾಮುಗಳ ಕಡೆ ಲಾರಿಗಳು ಓಡಾಡುತ್ತಿದ್ದವು. ಸ್ಯಾವಿಯೋ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಫೋನಿನಲ್ಲಿ ಆ ವಿಡಿಯೋ ನೋಡುತ್ತಿದ್ದ. ಕೊನೆಯ ಕ್ಷಣಗಳನ್ನು ಶ್ರೀವಿದ್ಯಾ ಕತ್ತರಿಸಿ ತೆಗೆದಿದ್ದಳು. ಉಳಿದದ್ದು ನಲವತ್ತೊಂದು ಸೆಕೆಂಡು: ನೀಲಿ ಸಮುದ್ರ, ಟೋಪಿ ಹಾಕಿದ ಎಡ್ವರ್ಡ್, ಅಲೆ ತೋರಿಸಲು ಮೇಲೆದ್ದ ಕೈ. ಅಲ್ಲಿಗೆ ನಿಂತುಹೋಗುತ್ತಿತ್ತು. ಸ್ಯಾವಿಯೋ ತಲೆಯೆತ್ತಿ, "ಆಮೇಲೆ?" ಎನ್ನುತ್ತಿದ್ದ.

ಮೊದಲ ಸಲ ಕೇಳಿದಾಗ ಎಡ್ವರ್ಡ್ ಅವನ ಮುಂದೆ ಮಂಡಿಯೂರಿ ಕೂತು ನಿಜ ಹೇಳಿದ. ಲಾಂಡ್ರಿ, ಕಿಟಕಿಯಿಲ್ಲದ ಗೋಡೆ, ಒದ್ದೆ ಟವೆಲು, ವಾಂತಿ, ಎಲ್ಲ. ಬೂಮು ಕಟ್ಟದೆ ಬಿಟ್ಟದ್ದು ತನಗೆ ಗೊತ್ತಿಲ್ಲದ್ದಕ್ಕೆ ಎಂದೂ ಹೇಳಿದ. ಮೂವತ್ತು ವರ್ಷದ ಹೊರೆ ಇಳಿದಂತಾಯಿತು. ಸ್ಯಾವಿಯೋ ತಂದೆಯ ಮುಖವನ್ನು ಗುರುತು ಸಿಗದವನಂತೆ ನೋಡಿದ, ಆಮೇಲೆ ಸಣ್ಣ ಹುಡುಗನ ಹಾಗೆ ಅತ್ತ. ಊಟ ಮಾಡಲಿಲ್ಲ. ಮರುದಿನ ಎದ್ದು ವಿಡಿಯೋ ನೋಡಿ ಮತ್ತೆ, ಆಮೇಲೆ ಎಂದ. ಎಡ್ವರ್ಡ್ ಮತ್ತೆ ನಿಜ ಹೇಳಿದ, ಈ ಸಲವಾದರೂ ಮಗ ಇರಲಿ ಬಿಡಿ ಎಂದಾನು ಎಂಬ ಆಸೆ. ಮಗ ಮತ್ತೆ ಅತ್ತ. ಹೀಗೆ ಆರು ದಿನ ನಡೆಯಿತು. ಆರನೆಯ ದಿನ ಶ್ರೀವಿದ್ಯಾ ಕೆಲಸದಿಂದ ಬೇಗ ಬಂದವಳು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಗಂಡನ ಮುಖ ಒರೆಸಿ, ಒಳಗೆ ಮಲಗಿಸಿ ಬಂದಳು.

"ಇನ್ನು ಹೇಳಬ್ಯಾಡ್ರಿ ಮಾವ," ಎಂದಳು. ಸಿಟ್ಟಿರಲಿಲ್ಲ, ಸುಸ್ತಾಗಿತ್ತು. "ನೀವು ದಿನಾ ಹೇಳಿ ದಿನಾ ಹಗುರ ಆಗ್ತೀರಿ. ಅವ್ರಿಗೆ ದಿನಾ ಹೊಸದಾಗಿ ಗೊತ್ತಾಗ್ತದೆ. ಅವ್ರ ಹತ್ರ ಉಳ್ಕೊಂಡಿರೋದು ಹಳೇ ಅಪ್ಪ ಒಬ್ರೇ. ಅವ್ರನ್ನೂ ಕಿತ್ಕೋಬ್ಯಾಡ್ರಿ. ಆ ಕಥೀನೇ ಪೂರ್ತಿ ಹೇಳ್ರಿ."

ಎಡ್ವರ್ಡ್ ಆಗಲಿ ಎಂದ. ಇನೇಜ್‌ಗೆ ಹೇಳುತ್ತಿದ್ದ ಹೂಂ ಅಲ್ಲ ಇದು, ಇದನ್ನು ನಡೆಸಲೇಬೇಕಿತ್ತು. ಸುಳ್ಳು ಬಾಯಿಗೆ ಕಹಿಯಾಗುವುದು ಅವನಿಗೆ ಹೊಸದು. ಮೂವತ್ತು ವರ್ಷ ಅದು ಅವನಿಗೆ ಸಿಹಿಯಾಗಿಯೇ ಇತ್ತು.

ಈಗ ಎರಡು ವರ್ಷವಾಯಿತು. ಮಧ್ಯಾಹ್ನದ ಮೇಲೆ ಶೀಟು ಒಣಗಿರುತ್ತದೆ, ಆದ್ಯಾ ಶಾಲೆಯಿಂದ ಬಂದು ತೆಗೆಯಲು ಅಜ್ಜನ ಜೊತೆ ಸೇರುತ್ತಾಳೆ. ಅವಳಿಗೆ ಎಲ್ಲ ಗೊತ್ತು, ಕಾರಿಡಾರಿನಲ್ಲಿ ಅಂದು ಅವಳೂ ಇದ್ದಳು. ಮೊನ್ನೆಯೂ ಸ್ಯಾವಿಯೋ ವಿಡಿಯೋ ನೋಡಿ ತಲೆಯೆತ್ತಿದ. "ಆಮೇಲೆ ಡ್ಯಾಡ್?"

ಎಡ್ವರ್ಡ್ ತಂತಿಯಿಂದ ಶೀಟು ಎಳೆದುಕೊಳ್ಳುತ್ತ ಹೇಳಿದ. ಅಲೆ ತೆಂಗಿನ ಮರದಷ್ಟು ಎತ್ತರವಿತ್ತು, ಮೇಲಿದ್ದವರೆಲ್ಲ ಕಣ್ಣು ಮುಚ್ಚಿಕೊಂಡರು, ನಾನು ಕಣ್ಣು ಮುಚ್ಚಲಿಲ್ಲ, ಚುಕ್ಕಾಣಿ ಕೂದಲೆಳೆಯಷ್ಟೂ ಅಲುಗಲು ಬಿಡಲಿಲ್ಲ, ಬೆಳಗಾದಾಗ ಒಬ್ಬರಿಗೂ ಒಂದು ಗೀರೂ ಆಗಿರಲಿಲ್ಲ ಎಂದ. ಸ್ಯಾವಿಯೋನ ಮುಖ ಅರಳಿತು. ಮಗಳ ಕಡೆ ತಿರುಗಿ, "ಕೇಳ್ದ್ಯಾ ಆದ್ಯಾ? ಗ್ರ್ಯಾಂಡ್‌ಪಾ ಇದ್ರೆ ಸಮುದ್ರದಲ್ಲಿ ಭಯ ಇಲ್ಲ," ಎಂದ.

"ಯೆಸ್, ಡ್ಯಾಡ್," ಎಂದಳು ಆದ್ಯಾ. ಅಜ್ಜನ ಮುಖ ನೋಡದೆ ಶೀಟಿನ ಎರಡು ಮೂಲೆ ಹಿಡಿದಳು. ಎಡ್ವರ್ಡ್ ಇನ್ನೆರಡು ಮೂಲೆ ಹಿಡಿದು, ಹಡಗಿನಲ್ಲಿ ಕಲಿತಂತೆ ಅಂಚಿಗೆ ಅಂಚು ಕೂಡಿಸಿ ಮಡಚಿದ. ಸ್ಯಾವಿಯೋ ಮತ್ತೆ ವಿಡಿಯೋ ಒತ್ತಿದ.